ಶುಕ್ರವಾರದ ಗಡುವು

ಆ ಶುಕ್ರವಾರ ಬೆಳಗ್ಗೆ ಐದೂವರೆಯಿಂದ ಎಷ್ಟು ಸಲ ಫೋನ್ ನೋಡಿದೆ ಎಂದು ಮಾತ್ರ ಕೇಳಬೇಡಿ. ಹೂರಣ ರುಬ್ಬುತ್ತಾ ನೋಡಿದೆ, ಕಳಶಕ್ಕೆ ಸೀರೆ ಉಡಿಸುತ್ತಾ ನೋಡಿದೆ, ಬಚ್ಚಲಿಗೂ ಒಯ್ದೆ. ಪ್ರತಿ ಸಲವೂ ಅದೇ ಅಂಕಿ, ಹತ್ತೊಂಬತ್ತು. ಇನ್ನೂರ ನಾಲ್ಕು ಜನ ಹೆಂಗಸರಲ್ಲಿ ದುಡ್ಡು ಕಟ್ಟಿದವರು ಹತ್ತೊಂಬತ್ತೇ ಜನ. ಗಡುವು ಮಧ್ಯಾಹ್ನ ಹನ್ನೆರಡಕ್ಕೆ.

"ಅದೇನ್ ಚೈತ್ರ, ದೇವ್ರ ಮುಂದೆ ಕೂತ್ಕಂಡೂ ಅದನ್ನೇ ಉಜ್ತೀಯಲ್ಲ! ವರಮಾಲಕ್ಷ್ಮಿ ಏನು ಫೋನಾಗ್ ಬತ್ತಳಾ?" ಎಂದರು ನನ್ನ ಅತ್ತೆ ಚನ್ನಮಲ್ಲಮ್ಮ.

"ಹೂಂ ಅತ್ತೆ, ನಮ್ಮನೆಗೆ ಫೋನಲ್ಲೇ ಬರೋದು" ಎಂದೆ. ತಮಾಷೆಗೆ ಹೇಳಿದ್ದಲ್ಲ, ಸಿಟ್ಟಿಗೆ ಹೇಳಿದ್ದು.

ಮಧುಗಿರಿಯಲ್ಲಿ ಬ್ಲೌಸ್ ಹೊಲಿಯುವವಳು ನಾನು. ಹದಿನಾಲ್ಕು ವರ್ಷದಿಂದ ಹೊಲಿಯುತ್ತಿದ್ದೇನೆ. ಹಗಲೆಲ್ಲ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಫೀಸಿನ ರಸೀದಿ ಹರಿಯುವುದು, ಸಂಜೆ ಮಿಷನ್ ತುಳಿಯುವುದು. ಎರಡು ವರ್ಷದ ಹಿಂದೆ ಸುಮ್ಮನೆ ಕಟಿಂಗ್ ವಿಡಿಯೊ ಹಾಕಲು ಶುರುಮಾಡಿದೆ, ಶುರುವಾಯಿತು ನೋಡಿ ಫೋನ್. ಕೊರಟಗೆರೆಯಿಂದ, ಸಿರಾದಿಂದ, ಪಾವಗಡದಿಂದ ಮನೆಯಲ್ಲೇ ಹೊಲಿಯುವ ಹೆಂಗಸರು ಕರೆ ಮಾಡಿ, ಮೇಡಂ ಕಂಕುಳಲ್ಲಿ ಸುಕ್ಕು ಬರ್ತದೆ ಯಾಕೆ, ಹಿಂದಿನ ಕತ್ತು ಜಾರ್ತದೆ ಯಾಕೆ ಎಂದು ಕೇಳುವರು. ಅವರಿಗೆಲ್ಲ ಬಿಟ್ಟಿ ಉತ್ತರ ಹೇಳಿ ಹೇಳಿ ನಾನು ಸೀಯಿಸಿದ ಅನ್ನಕ್ಕೆ ಲೆಕ್ಕವಿಲ್ಲ. ಆಗಲೇ 'ಸೂಜಿದಾರ ಬಳಗ' ಮಾಡಿದ್ದು. ಆ್ಯಪಿನಲ್ಲಿ ಒಂದು ಗುಂಪು, ತಿಂಗಳಿಗೆ ನೂರ ನಲವತ್ತೊಂಬತ್ತು ರೂಪಾಯಿ. ಬುಧವಾರ ಲೈವಿನಲ್ಲಿ ಕಟಿಂಗ್, ಉಳಿದ ದಿನ ಅವರು ಕೆಟ್ಟ ಬ್ಲೌಸಿನ ಫೋಟೊ ಹಾಕುವುದು, ನಾನು ರಿಪೇರಿ ಹೇಳುವುದು.

ಮೊದಲ ತಿಂಗಳು ಹನ್ನೊಂದು ಜನ ಇದ್ದರು, ಅದರಲ್ಲಿ ನಾಲ್ವರು ನನ್ನ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೇ. ಆಮೇಲೆ ವಳ್ಳೂರಿನ ಹನುಮಕ್ಕ ಬಂದಳು. ಊರ ಸುತ್ತ ಸೋಲಾರ್ ಫಲಕ, ನಡುವೆ ಇವಳ ಮನೆ, ಪಡಸಾಲೆಯಲ್ಲಿ ಮಿಷನ್. ಟೈಪು ಮಾಡಲು ಬಾರದು, ಎಲ್ಲ ಬಾಯಲ್ಲೇ, ನಡುನಡುವೆ ತೆಲುಗು ಬೆರೆಸಿ. ಪಾವಗಡ ಕಡೆಯಿಂದ ಅವಳೊಬ್ಬಳೇ ನಲವತ್ತು ಜನರನ್ನು ಸೇರಿಸಿದಳು. ಕಳ್ಳಂಬೆಳ್ಳದಿಂದ ಕೊಲ್ಲಾಪುರಮ್ಮ ಬಂದರು, ಅರವತ್ತು ದಾಟಿದವರು. ಅವರಿಗೆ ನಾನು ಕಲಿಸುವಂಥದ್ದೇನೂ ಇರಲಿಲ್ಲ. ಅವರಿಗೆ ಮಾತಾಡಲು ಜನ ಬೇಕಿತ್ತು, ಅದಕ್ಕೇ ದುಡ್ಡು ಕಟ್ಟುತ್ತಿದ್ದರು. ಇದು ನನಗೆ ಆಗ ಗೊತ್ತಾಗಲಿಲ್ಲ ಬಿಡಿ.

ಇನ್ನೂರು ದಾಟಿದ ಜೂನ್ ತಿಂಗಳಲ್ಲಿ ಶಾಲೆಯ ಕೆಲಸ ಬಿಟ್ಟೆ. ಕಾರ್ಯದರ್ಶಿ ಕುಮಾರಸ್ವಾಮಿಯವರು ಒಳ್ಳೆಯ ಮನುಷ್ಯ, "ಎರಡು ತಿಂಗಳು ನಿನ್ನ ಜಾಗ ಹಾಗೇ ಇಟ್ಟಿರ್ತೀನಿ ಕಣಮ್ಮ" ಎಂದಿದ್ದರು. ಆ ಎರಡು ತಿಂಗಳು ಹಬ್ಬದ ಮಾರನೆಯ ದಿನ ಮುಗಿಯುತ್ತಿತ್ತು. ಶನಿವಾರ ಬೆಳಗ್ಗೆ ಹನ್ನೊಂದರೊಳಗೆ ಬರ್ತೀನಿ, ಇಲ್ಲ ಬರಲ್ಲ ಎಂದು ಹೇಳಬೇಕಿತ್ತು. ಬಳಗದಲ್ಲಿ ನೂರು ಜನ ಉಳಿದರೂ ಸಾಕು, ಶಾಲೆಯ ಸಂಬಳ ದಾಟುತ್ತದೆ. ಅದಕ್ಕಿಂತ ಇಳಿದರೆ ಮತ್ತೆ ಅದೇ ಕುರ್ಚಿ, ಅದೇ ಗಂಟೆ, ಬಂದವರಿಗೆಲ್ಲ ಟೀ ತರಿಸುವ ಅದೇ ಚಾಕರಿ.

ಮೊದಲೆಲ್ಲ ಅವರವರು ಸೇರಿದ ತಾರೀಕಿಗೆ ಅವರವರು ಕಟ್ಟುತ್ತಿದ್ದರು. ಯಾರದು ಯಾವತ್ತು ಎಂದು ನನಗೆ ತಲೆ ಕೆಟ್ಟುಹೋಗುತ್ತಿತ್ತು. ಮೆಂಬರ್‌ಶಿಪ್ಪಿನಲ್ಲಿ ಲಾಭ ಮಾಡುವುದು ಹೇಗೆ ಎಂದು ಯಾರೋ ಒಬ್ಬ ಪುಣ್ಯಾತ್ಮ ವಿಡಿಯೊ ಮಾಡಿದ್ದ. ಎಲ್ಲರಿಗೂ ಒಂದೇ ದಿನ ಇಡಿ, ಕಟ್ಟದವರಿಗೆ ಬಾಗಿಲು ಹಾಕಿ, ಹೆದರಿಕೆ ಇದ್ದರೇ ದುಡ್ಡು ಬರುವುದು ಎಂದ. ಸರಿ, ಒಂದು ಒಳ್ಳೆ ದಿನ ನೋಡೋಣ ಎಂದು ಪಂಚಾಂಗ ತೆಗೆದೆ. ವರಮಹಾಲಕ್ಷ್ಮಿ ಹಬ್ಬ! ಲಕ್ಷ್ಮಿ ಮನೆಗೆ ಬರುವ ದಿನ, ಇದಕ್ಕಿಂತ ಒಳ್ಳೆ ದಿನ ಬೇಕೇ ಎಂದು ಹಿಗ್ಗಿ ಅದನ್ನೇ ಇಟ್ಟೆ. ಹನ್ನೆರಡು ಹೊಡೆದ ತಕ್ಷಣ ಕಟ್ಟದವರು ತಾವಾಗಿಯೇ ಗುಂಪಿನಿಂದ ಹೊರಗೆ ಹೋಗುವ ಹಾಗೆ ಆ್ಯಪಿನಲ್ಲಿ ಮಾಡಿಟ್ಟೆ.

ಒಂಬತ್ತು ಗಂಟೆಗೆ ಕೇಬಲ್ಲಿನ ಚಿರಂಜೀವಿ ಬಾಗಿಲಿಗೆ ಬಂದ. "ಅಕ್ಕಾ, ಈ ತಿಂಗಳ್ದು" ಎಂದು ಕೈ ಚಾಚಿದ.

ಮೊದಲೇ ಉರಿಯುತ್ತಿದ್ದೆ. "ಲೋ, ಬುದ್ಧಿ ನೆಟ್ಟಗಿದ್ಯಾ ನಿಂಗೆ? ಶುಕ್ರವಾರ, ಅದೂ ಇಂಥಾ ಹಬ್ಬದ ದಿನ ಮನೆ ಬಾಗ್ಲಿಗ್ ಬಂದು ದುಡ್ಡು ಕೇಳ್ತೀಯಲ್ಲ! ಇವತ್ತು ಯಾರಾದ್ರೂ ಲಕ್ಷ್ಮೀನ ಆಚೆ ಕಳಿಸ್ತಾರೇನೋ? ನಾಳೆ ಬಾ, ಹೋಗು."

"ಅಯ್ಯೋ, ಮರ್ತೇಬುಟ್ಟಿದ್ದೆ ಕಣಕ್ಕ" ಎಂದು ನಾಲಿಗೆ ಕಚ್ಚಿಕೊಂಡು ಹೋದ. ಬಾಗಿಲು ಮುಂದಕ್ಕೆ ಮಾಡಿ ಒಳಗೆ ಬಂದು ಫೋನ್ ನೋಡಿದೆ. ಹತ್ತೊಂಬತ್ತು.

ಹನ್ನೊಂದು ಮುಕ್ಕಾಲಾಗುವುದರೊಳಗೆ ನನ್ನ ತಾಳ್ಮೆ ಮುಗಿದಿತ್ತು. ಅಡುಗೆಮನೆಯ ಮೂಲೆಗೆ ಹೋಗಿ ಗುಂಪಿಗೆ ಮಾತು ರೆಕಾರ್ಡ್ ಮಾಡಿ ಕಳಿಸಿದೆ. "ಒಂದು ಬ್ಲೌಸಿಗೆ ಮುನ್ನೂರೈವತ್ತು ಇಸ್ಕೊಳ್ತೀರ. ಕಲಿಸಿದವಳಿಗೆ ಅರ್ಧ ಬ್ಲೌಸಿನ ದುಡ್ಡು ಕೊಡೋಕೆ ಕೈ ಬರಲ್ಲ ಅಂದ್ರೆ ಏನು ಹೇಳ್ಲಿ ನಿಮಗೆ? ಎಲ್ಲಾ ಬಿಟ್ಟಿ ಸಿಗಬೇಕು ಅನ್ನೋರಿಗೆ ಈ ಮನೇಲಿ ಜಾಗ ಇಲ್ಲ. ಹೊರಡಿ." ಆ 'ಹೊರಡಿ' ಬೇಕಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟೆ.

ಹನ್ನೆರಡಾಯಿತು. ಇನ್ನೂರ ನಾಲ್ಕು ಇದ್ದದ್ದು ಹತ್ತೊಂಬತ್ತಾಯಿತು. ಎರಡು ನಿಮಿಷ ಹೊಟ್ಟೆ ತಣ್ಣಗಾದದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಮೇಲೆ ಲೆಕ್ಕ ಹಾಕಿದೆ, ನೂರು ಎಲ್ಲಿ, ಹತ್ತೊಂಬತ್ತು ಎಲ್ಲಿ. ನಾಳೆ ಹನ್ನೊಂದಕ್ಕೆ ಕುಮಾರಸ್ವಾಮಿಯವರಿಗೆ ಏನು ಹೇಳಬೇಕು ಎಂಬುದು ಆಗಲೇ ಗೊತ್ತಾಗಿಹೋಗಿತ್ತು.

ಉಳಿದ ಹತ್ತೊಂಬತ್ತು ಜನರಲ್ಲಿ ಸಿರಾದ ಜಬೀನಾ ಒಬ್ಬಳು. ಬುರ್ಖಾ ಹೊಲಿಯುವುದರಲ್ಲಿ ಎತ್ತಿದ ಕೈ, ಬ್ಲೌಸ್ ಕಲಿಯಲು ಸೇರಿದ್ದಳು. ಅವಳೇ ಫೋನ್ ಮಾಡಿದಳು.

"ದೀದಿ, ಏನ್ ಮಾಡ್ಬಿಟ್ರಿ? ಇವತ್ತು ನಿಮ್ಮೋರಿಗೆಲ್ಲ ಹಬ್ಬ ಅಲ್ವಾ? ಬೇರೆ ಶುಕ್ರವಾರಾನೇ ನಮ್ ಪಕ್ಕದ್ಮನೆ ಅಮ್ಮ ನಂಗೆ ಚಿಲ್ರೆ ಕೂಡ ಕೊಡಲ್ಲ, ನಾಳೆ ತಗೊಳಮ್ಮಾ ಅಂತಾರೆ. ಇವತ್ತು ಹೆಂಗ್ ಕೊಡ್ತಾರೆ? ನಾನು ಕಟ್ಟಿದೆ, ನಂಗೆ ಹಬ್ಬ ಇಲ್ವಲ್ಲ."

ನನ್ನ ಮನೆಗೆ ಲಕ್ಷ್ಮಿ ಬರಲಿ ಎಂದು ದಿನ ನೋಡಿದವಳಿಗೆ, ಅವಳು ಇನ್ನೂರು ಮನೆಗಳಿಂದ ಎದ್ದು ಬರಬೇಕು ಎಂಬುದು ಹೊಳೆಯಲೇ ಇಲ್ಲ. ಮೂರು ಗಂಟೆ ಮುಂಚೆ ಕೇಬಲ್ಲಿನವನಿಗೆ ಬೈದು ಕಳಿಸಿದ ಬಾಯಿ ನನ್ನದೇ ಅಲ್ಲವೇ? ಫೋನಿನಲ್ಲಿ ಕೊಡುವುದೂ ದುಡ್ಡೇ ಎಂದು ಅವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಥೂ ನನ್ನ ಬುದ್ಧಿಗಿಷ್ಟು.

ಕಳಿಸಿದ ಮಾತನ್ನು ಅಳಿಸಲು ಗುಂಪು ತೆರೆದೆ. ಅದರ ಕೆಳಗೆ ಹನುಮಕ್ಕನ ಫೋಟೊ ಇತ್ತು. ಹನ್ನೊಂದು ಐವತ್ತೆರಡಕ್ಕೆ ಹಾಕಿದ್ದಳು, ನನ್ನ ಮಾತು ಕೇಳಿಸಿಕೊಳ್ಳುವ ಪುರಸೊತ್ತೂ ಆಗ ಅವಳಿಗೆ ಇರಲಿಲ್ಲವೆಂದು ಕಾಣುತ್ತದೆ. ಫೋಟೊ ಜೊತೆ ಅವಳ ದನಿ: "ಅಕ್ಕಾ, ಕೆಟ್ಟೆ ಕಣಕ್ಕ. ಎಲ್ಡು ತೋಳೂ ಒಂದೇ ಕಡೀಕ್ ಕತ್ತರ್ಸ್ಬುಟ್ಟೆ. ರೇಷ್ಮೆ ಸೀರೇದು, ಒಂದ್ ಗೇಣು ಬಟ್ಟೆ ಉಳ್ದಿಲ್ಲ. ಸಾಯಂಕಾಲ ಆರ್ಗಂಟೆ ಆರತೀಗೆ ಹೊಲ್ಯಕ್ ಕೊಟ್ಟೋರು ಹಾಕ್ಕೋಬೇಕು. ದೇವುಡಾ, ಬಿರ್ರನೆ ಏನಾದ್ರೂ ಹೇಳಕ್ಕ."

ತೋಳಿಗೆ ಮುಂದಿನ ಕಡೆ ಆಳವಾಗಿ ಕತ್ತರಿಸಬೇಕು, ಹಿಂದೆ ಕಮ್ಮಿ. ಎಡಕ್ಕೊಂದು ಬಲಕ್ಕೊಂದು ಆಗಬೇಕಾದದ್ದು ಎರಡೂ ಬಲಕ್ಕೇ ಆದರೆ ಎಡದ ತೋಳು ಮೈಗೆ ಕೂರುವುದಿಲ್ಲ. ಅವಳು ಕೇಳಿದ ಎಂಟನೇ ನಿಮಿಷಕ್ಕೆ ನಾನು ಅವಳನ್ನು ಹೊರಗೆ ಹಾಕಿದ್ದೆ. ಫೋನ್ ಮಾಡಿದೆ, ಎತ್ತಲಿಲ್ಲ. ಹನ್ನೊಂದು ಸಲ ಮಾಡಿದೆ. ಎಲ್ಲರನ್ನೂ ಒಳಗೆ ಕರೆಯೋಣವೆಂದರೆ ದುಡ್ಡು ಕಟ್ಟದೆ ಬಿಡುವುದಿಲ್ಲ ಎಂದು ಆ್ಯಪ್ ಹಟ ಹಿಡಿಯಿತು. ಹಾಗೆ ಮಾಡಿಟ್ಟವಳೂ ನಾನೇ.

ಸಂಜೆ ಬೀದಿಯ ಮುತ್ತೈದೆಯರು ಬಂದರು. ಒಂಬತ್ತು ಜನಕ್ಕೆ ಅರಿಶಿನ ಕುಂಕುಮ ಕೊಟ್ಟು ಎಲೆ ಅಡಿಕೆ ಕೊಟ್ಟು ಕಳಿಸಿದೆ. ಇಂಥ ದಿನ ನೂರ ಎಂಬತ್ತೈದು ಜನ ಹೆಣ್ಣುಮಕ್ಕಳಿಗೆ ಹೊರಡಿ ಅಂದಿದ್ದೆನಲ್ಲ ಎಂದು ನಾಚಿಕೆಯಾಗಿ, ದೇವರ ಮುಂದೆಯೇ ಅಳು ಬಂತು. ಧೂಪದ ಹೊಗೆಗೆ ಕಣ್ಣೀರು ಎಂದು ಅತ್ತೆ ಅಂದುಕೊಂಡರು.

ಶನಿವಾರ ಬೆಳಗ್ಗೆ ಆರೂ ಇಪ್ಪತ್ತಕ್ಕೆ ಫೋನ್ ಟಿಣ್ ಎಂದಿತು. ಕೊರಟಗೆರೆಯಿಂದ ಒಬ್ಬರು ದುಡ್ಡು ಕಟ್ಟಿದ್ದರು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದರೊಳಗೆ ಮೂವತ್ತು ಜನವಾದರು. ಏಳು ಐದಕ್ಕೆ ಹನುಮಕ್ಕ ಕಟ್ಟಿದಳು, ಅವಳ ಹಿಂದೆಯೇ ಪಾವಗಡದವರೆಲ್ಲ. ಕೊಲ್ಲಾಪುರಮ್ಮನವರದೂ ಬಂತು. ಹತ್ತೂವರೆಗೆ ನೂರ ಎಂಬತ್ತೇಳು! ಅಬ್ಬಾ, ಉಸಿರು ಬಂತು ನನಗೆ. ಇನ್ನೂ ಹದಿನೈದು ನಿಮಿಷ ಇರುವಾಗಲೇ ಕುಮಾರಸ್ವಾಮಿಯವರಿಗೆ ಫೋನ್ ಮಾಡಿ, "ಬರಲ್ಲ ಸಾರ್, ನನ್ನ ಜಾಗಕ್ಕೆ ಬೇರೆಯೋರನ್ನ ತಗೊಳ್ಳಿ" ಎಂದೆ. ಅವರು "ಒಳ್ಳೇದಾಗ್ಲಮ್ಮ" ಎಂದು ಇಟ್ಟರು.

ಕೂಡಲೇ ಗುಂಪಿನಲ್ಲಿ ಬರೆದೆ. 'ನಿನ್ನೆ ಬಾಯಿಗೆ ಬಂದಂತೆ ಮಾತಾಡಿದೆ. ತಪ್ಪಾಯಿತು, ಎಲ್ಲರೂ ಕ್ಷಮಿಸಿ. ಏನಾದರೂ ಡೌಟ್ ಇದ್ದರೆ ಕೇಳಿ.' ಎಲ್ಲರೂ ನೋಡಿದರು. ಒಬ್ಬರೂ ಉತ್ತರ ಬರೆಯಲಿಲ್ಲ. ಹಬ್ಬದ ಮಾರನೆಯ ದಿನ ಐವತ್ತು ಫೋಟೊ ಬಂದು ಬೀಳುತ್ತಿದ್ದ ಜಾಗ ಅದು. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು. ಕೊನೆಗೆ ಜಬೀನಾಳೇ ಬೇರೆಯಾಗಿ ಒಂದು ಸಾಲು ಕಳಿಸಿದಳು: 'ದೀದಿ, ಅವರು ನಿನ್ನೆನೇ ವಾಟ್ಸಾಪಲ್ಲಿ ಬೇರೆ ಗುಂಪು ಮಾಡ್ಕೊಂಡ್ರು. ನನ್ನೂ ಸೇರಿಸಿದ್ದಾರೆ. ನಿಮಗೆ ಹೇಳದೇ ಇರೋಕೆ ಆಗಲಿಲ್ಲ.'

ಹನುಮಕ್ಕನಿಗೆ ಫೋನ್ ಮಾಡಿದೆ. ಈ ಸಲ ಎತ್ತಿದಳು. ಹಿಂದೆ ಮಿಷನ್ ಸದ್ದು ಕೇಳುತ್ತಿತ್ತು.

"ದುಡ್ ಬಂತಾ ಅಕ್ಕ?" ಎಂದಳು.

"ಬಂತು. ಆ ತೋಳು ಏನಾಯ್ತೇ?"

"ಸರಿಹೋಯ್ತು. ಐದೂವರೆಗೇ ಕೊಟ್ಟೆ. ಕೊಲ್ಲಾಪುರಮ್ಮೋರು ದಾರಿ ತೋರುಸುದ್ರು."

"ನಾನು ಎಷ್ಟು ಸಲ ಫೋನ್ ಮಾಡ್ದೆ ಗೊತ್ತಾ?"

"ನೋಡ್ದೆ. ಬೇಕಂತ್ಲೇ ಎತ್ತಲಿಲ್ಲ. ನಿನ್ನೆ ನಿನ್ ಉತ್ರ ಬಂತು ಅಂದ್ಕಂಡು ಜೋರಾಗ್ ಹಾಕ್ದೆ. ನೀನು ಅಂದಿದ್ನ ನಮ್ಮತ್ತೆ ಕೇಳುಸ್ಕಂಡ್ರು, ಆರತಿಗ್ ಕರ್ಯಕ್ ಬಂದಿದ್ದೋರೂ ಕೇಳುಸ್ಕಂಡ್ರು. ಬಿಟ್ಟಿ ತಿನ್ನೋರು ಅಂಗೆ ಮಾಡ್ಬುಟ್ಟೆ ನಮ್ಮುನ್ನ. ದುಡ್ ಹಾಕ್ರಮ್ಮಾ ಅಂತ ಬೆಳಗ್ಗೆ ನಾನೇ ಎಲ್ರಿಗೂ ಹೇಳ್ದೆ. ನಿನ್ ತಾವ ಕಲ್ತಿದ್ದೀವಿ, ಋಣ ಇಟ್ಕಳ್ಳಲ್ಲ. ಮುಂದಿನ್ ತಿಂಗ್ಳಿಂದ ನಾವ್ಯಾರೂ ಇರಲ್ಲ ಕಣಕ್ಕ."

ಗೋಡೆ ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು. ಶಾಲೆಯಲ್ಲಿ ನನ್ನ ಕುರ್ಚಿಗೆ ಬೇರೆಯವರ ಹೆಸರು ಬಿದ್ದು ಗಂಟೆಯ ಮೇಲಾಗಿತ್ತು. ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣ ನನಗೆ ಉರಿದದ್ದು ಅದಕ್ಕಲ್ಲ. ಅವರೆಲ್ಲ ಒಂದು ಕಡೆ ಕೂತು ಮಾತಾಡುತ್ತಿದ್ದಾರೆ, ನಾನು ಅಲ್ಲಿ ಇಲ್ಲ.

"ನನ್ನೂ ಆ ಗುಂಪಿಗೆ ಸೇರ್ಸೇ" ಎಂದೆ.

"ಬ್ಯಾಡಕ್ಕ. ನೀನು ಮೇಡಮ್ಮು, ನೀನಿದ್ರೆ ಯಾರೂ ಬಾಯ್ ಬುಡಲ್ಲ. ನೀನ್ಯಾಕ್ ಅಲ್ಲಿ?"

"ಕೇಳೋಕೆ. ಆ ತೋಳು ಹೆಂಗೆ ಸರಿಮಾಡಿದ್ರಿ ಅಂತ ನಂಗೆ ಗೊತ್ತಿಲ್ಲ ಹನುಮಕ್ಕ. ನಿನ್ನೆ ನಾನು ಸಿಕ್ಕಿದ್ರೂ, ಹೊಸ ಬಟ್ಟೆ ತಂದ್ಕೊಡು ಅಂತ ಹೇಳ್ತಿದ್ದೆ ಅಷ್ಟೆ."

ಮಿಷನ್ ನಿಂತಿತು. "ನಿಜವಾಗ್ಲೂನಾ?"

"ನಿಜವಾಗ್ಲೂ."

"ಏಮ್ಮಾ ನೀನು! ಹದಿನಾಲ್ಕ್ ವರ್ಸ ಹೊಲ್ದಿದ್ದೀನಿ ಅಂತಿದ್ದೆ!" ಎಂದು ನಕ್ಕಳು. ಕುಹಕವೋ ಕನಿಕರವೋ ತಿಳಿಯಲಿಲ್ಲ. "ಸರ್ಲೇ. ನಾನೊಬ್ಳೇ ಹೇಳಕ್ಕಾಗಲ್ಲ, ಎಲ್ರುನ್ನೂ ಕೇಳ್ಬೇಕು. ಒಪ್ಪುದ್ರೆ ಸೇರುಸ್ತೀನಿ, ಇಲ್ದಿದ್ರೆ ಇಲ್ಲ" ಎಂದು ಇಟ್ಟಳು.

ಸುಮ್ಮನೆ ಕೂರಲು ಆಗಲಿಲ್ಲ. ಹಳೆಯ ಲೈನಿಂಗ್ ಬಟ್ಟೆ ಹಾಸಿಕೊಂಡು, ಬೇಕೆಂದೇ ಎರಡು ತೋಳನ್ನೂ ಒಂದೇ ಕಡೆಗೆ ಕತ್ತರಿಸಿದೆ. ತಿರುಗಿಸಿ ಇಟ್ಟು ನೋಡಿದೆ, ಇನ್ನಷ್ಟು ಕತ್ತರಿಸಿ ನೋಡಿದೆ, ಪಿನ್ನು ಹಾಕಿ ಕಿತ್ತೆ. ಅತ್ತೆ ಊಟಕ್ಕೆ ಎರಡು ಸಲ ಕರೆದು ಬೈದು ಹೋದರು. ಮೂರೂವರೆಯಾದರೂ ತೋಳು ಕೂಡಲಿಲ್ಲ, ಬಟ್ಟೆ ಮಾತ್ರ ಸಣ್ಣದಾಗುತ್ತಾ ಬಂತು.

ನಾಲ್ಕಕ್ಕೆ ಸ್ವಲ್ಪ ಮುಂಚೆ ಫೋನ್ ಬೆಳಗಿತು. ಹನುಮಕ್ಕ ನನ್ನನ್ನು ಗುಂಪಿಗೆ ಸೇರಿಸಿದ್ದಳು. ಬನ್ನಿ ಎಂದು ಒಬ್ಬರೂ ಅನ್ನಲಿಲ್ಲ. ನೆಲದ ಮೇಲಿನ ತುಂಡುಗಳ ಫೋಟೊ ತೆಗೆದು, 'ಇದನ್ನು ಕೂಡಿಸುವುದು ಹೇಗೆ? ದಯವಿಟ್ಟು ಯಾರಾದರೂ ಹೇಳಿಕೊಡಿ' ಎಂದು ಬರೆದು ಹಾಕಿದೆ.

ಆಮೇಲೆ ಕೊಲ್ಲಾಪುರಮ್ಮನವರ ದನಿ ಬಂತು.

"ಅಯ್ಯಯ್ಯೋ, ಏನ್ ಗತಿ ಮಾಡಿದ್ದೀಯಮ್ಮ ಬಟ್ಟೇನ! ಮೊದ್ಲು ಆ ಕತ್ರಿ ಕೆಳಗಿಡು."

ಇಟ್ಟೆ.