ಎದುರಾಳಿಯ ಸರದಿ

ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಂದ್ಯ ನಡೆಯುವಾಗ ಧೂಳು ಒರೆಸುವುದಕ್ಕೂ ಯಾರೂ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಮುಟ್ಟಿದವರ ಗ್ರಹಚಾರ ಬಿಡಿಸಲು ಅಂಗಡಿಯೊಡತಿ ಇದ್ದಳು. ಚೆಸ್ ಆಡುವ ಪ್ರೋಗ್ರಾಂಗಳನ್ನು ಒಂದರ ಮೇಲೊಂದು ಛೂ ಬಿಟ್ಟು, ಯಾವುದರ ಯೋಗ್ಯತೆ ಎಷ್ಟು ಎಂದು ಅಂಕ ಕೊಟ್ಟು ಪಟ್ಟಿ ಮಾಡುವುದು ಅವಳ ಹುಚ್ಚು. ಆ ಹುಚ್ಚಿನವರೆಲ್ಲ ಅವಳನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಒಂದೇ ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ, ಎರಡಕ್ಕೂ ಸಮ ಸಮಯ, ಬಿಳಿ ಕಪ್ಪು ಅದಲುಬದಲು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಯೋಚಿಸುವಾಗ ಇನ್ನೊಂದು ತೆಪ್ಪಗಿರಬೇಕು. ಇಲ್ಲದಿದ್ದರೆ ಕಂಪ್ಯೂಟರಿನ ಅರ್ಧ ಶಕ್ತಿಯನ್ನು ಅದೇ ನುಂಗಿ, ಸರದಿಯಲ್ಲಿರುವುದು ಅರೆಹೊಟ್ಟೆಯಲ್ಲಿ ಆಡಬೇಕಾಗುತ್ತದೆ.

ಪಕ್ಕದ ಕೋಣೆಯಲ್ಲಿ ಅವಳ ಅಣ್ಣ ಹಾಸಿಗೆ ಹಿಡಿದಿದ್ದ. ಡಾಕ್ಟರು ಕೈಚೆಲ್ಲಿದ್ದರು. ಮದುವೆಯ ಗೊಡವೆಗೂ ಹೋಗದೆ ಅವನು ಜೀವಮಾನವೆಲ್ಲ ಸಾಕಿದ್ದು ತಾನೇ ಬರೆದ 'ಇರುವೆ' ಎಂಬ ಚೆಸ್ ಪ್ರೋಗ್ರಾಂ ಒಂದನ್ನು. ಪಟ್ಟಿಯ ಮೊದಲ ಸ್ಥಾನದಲ್ಲಿ ವರ್ಷಗಟ್ಟಲೆ ಬೀಡುಬಿಟ್ಟಿದ್ದ 'ಗೂಳಿ'ಯನ್ನು ಇರುವೆ ಕೆಡವಿದ್ದನ್ನು ನೋಡಿಯೇ ಕಣ್ಣು ಮುಚ್ಚಬೇಕೆಂಬುದೊಂದೇ ಅವನ ಆಸೆ.

ಆ ವಾರ ಕೆಡವಿಯೇಬಿಟ್ಟಿತು. ತಂಗಿ ಹಿಂದುಮುಂದು ನೋಡದೆ ಓಡಿಹೋಗಿ ಹೇಳಿದಳು. ಅಣ್ಣ ದಿಂಬಿಗೊರಗಿ ಎದ್ದು ಕೂತು, ಗಡ್ಡ ಬೋಳಿಸಿಕೊಡು ಎಂದ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಕಳೆ ಬಂದಿತ್ತು.

ಮರುದಿನ ಅವಳು ಆಟಗಳನ್ನು ತಿರುವಿ ನೋಡಿದಳು. ಗೂಳಿ ಎಂದಿಗಿಂತ ತೀರಾ ಕಡಿಮೆ ಲೆಕ್ಕ ಹಾಕಿತ್ತು. ಎದುರಾಳಿಯ ಸರದಿಯಲ್ಲಿ ಯೋಚಿಸುವುದನ್ನು ಅವಳೇ ಆಫ್ ಮಾಡಿದ್ದಳು. ಇರುವೆ ಅದಕ್ಕೆ ಕ್ಯಾರೇ ಅಂದಿರಲಿಲ್ಲ. ಗೂಳಿಯ ಹೊಟ್ಟೆಗೆ ಹೊಡೆದು ಗೆದ್ದಿತ್ತು. ಯಾವ ಪ್ರೋಗ್ರಾಂ ಬಂದರೂ ಅದು ನಿಜಕ್ಕೂ ಸುಮ್ಮನಾಗುತ್ತದೆಯೇ ಎಂದು ಮೊದಲು ಪರೀಕ್ಷಿಸುವವಳು, ಅಣ್ಣನದಲ್ಲವೇ ಎಂದು ಇದೊಂದನ್ನು ಬಿಟ್ಟಿದ್ದಳು.

"ಅಣ್ಣಾ, ಆಫ್ ಮಾಡಿದ್ರೂ ನಿನ್ನ ಇರುವೆ ಸುಮ್ಮನಾಗ್ತಿಲ್ಲ."

ಅವನು ಸೂರು ನೋಡಿದ. "ಗೊತ್ತು. ನಾನೇ ಹಾಗೆ ಬರೆದಿದ್ದು. ನನ್ನದು ಅಂತ ನೀನು ನೋಡಲ್ಲ ಅಂದ್ಕೊಂಡಿದ್ದೆ."

ಅವಳಿಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು. ಅವನ ಲೆಕ್ಕ ತಪ್ಪಿರಲಿಲ್ಲ.

"ಪಟ್ಟಿಯಿಂದ ತೆಗೀತೀಯಾ?" ಎಂದು ಅಣ್ಣನೇ ಕೇಳಿದ.

"ತೆಗೀಬೇಕಲ್ಲ."

"ನಾನು ಹೋಗೋ ತನಕ ತಡ್ಕೊಳ್ಳೋಕೆ ಆಗಲ್ವೇನೇ?"

"ಆಗಲ್ಲ ಅಣ್ಣಾ," ಎಂದಳು. ಅವನು ಗೋಡೆಯ ಕಡೆ ಮಗ್ಗುಲಾದ.

ಇರುವೆಯ ಹೆಸರು ತೆಗೆದವಳಿಗೆ ಊಟ ಸೇರಲಿಲ್ಲ. ಗಿರಾಕಿಗಳನ್ನು ನಾಳೆ ಬನ್ನಿ ಎಂದು ಸಾಗಹಾಕಿ, ಒಂದೇ ತರಹದ ಎರಡು ಕಂಪ್ಯೂಟರ್ ಅಕ್ಕಪಕ್ಕ ಇಟ್ಟು, ಒಂದರಲ್ಲಿ ಇರುವೆಯನ್ನೂ ಇನ್ನೊಂದರಲ್ಲಿ ಗೂಳಿಯನ್ನೂ ಕೂರಿಸಿದಳು. ಇನ್ನು ಎರಡೂ ಬೇಕಾದಾಗ ಬೇಕಾದಷ್ಟು ಯೋಚಿಸಲಿ, ಒಂದರ ಪಾಲನ್ನು ಇನ್ನೊಂದು ಕಸಿಯುವಂತಿಲ್ಲ. ಪಂದ್ಯ ಮೊದಲಿನಿಂದ ನಡೆಯಿತು. ಕೂದಲೆಳೆಯ ಅಂತರದಲ್ಲಿ ಇರುವೆ ಗೆದ್ದಿತು. ಅವಳು ನಂಬಲಾರದೆ ಎಲ್ಲವನ್ನೂ ಇನ್ನೊಮ್ಮೆ ಆಡಿಸಿದಳು. ಆಗಲೂ ಗೆದ್ದಿತು.

"ಅಣ್ಣಾ, ಕಳ್ಳಾಟ ಇಲ್ದೇನೇ ಗೆದ್ದಿದೆ! ಅದು ಬೇಕಾಗೇ ಇರಲಿಲ್ಲ ಕಣೋ ನಿನಗೆ!"

ಅಣ್ಣ ಅವಳ ಕೈ ಹಿಡಿದುಕೊಂಡ. "ಅವತ್ತು ಆಗಲ್ಲ ಅಂದೆಯಲ್ಲ, ಅದನ್ನೇ ಮನಸ್ಸಿಗೆ ಹಚ್ಕೊಂಡಿದೀಯ. ನನಗೇನೂ ಬೇಜಾರಿಲ್ಲ, ಬಿಡೇ."

"ನಿನ್ನಾಣೆಗೂ ನಿಜ ಅಣ್ಣಾ."

ಅವಳು ಪರದೆಯನ್ನು ಹಾಸಿಗೆಯ ಪಕ್ಕಕ್ಕೇ ತಂದಿಟ್ಟು ಒಂದೊಂದೇ ಆಟ ತೋರಿಸಿದಳು. ಅವನು ಪ್ರತಿಯೊಂದಕ್ಕೂ ತಲೆಯಾಡಿಸುತ್ತ ನೋಡಿದ. ಎಲ್ಲ ಮುಗಿದ ಮೇಲೆ ಅವಳ ತಲೆ ಸವರಿದ.

"ನನಗೋಸ್ಕರ ಇಷ್ಟೊಂದು ಸುಳ್ಳು ಆಟ ಕೂತು ಹೊಸೆದೆಯಾ, ಪುಟ್ಟಾ?"

ಹೋಗುವವರೆಗೂ ಅವನು ಹಾಗೆಂದೇ ನಂಬಿದ್ದ.