ಮನೆಗೊಬ್ಬ ಸಿಪಾಯಿ

ಎರಡು ಸಾವಿರದ ಮೂರನೆಯ ಇಸವಿ. ಕಡಲಾಚೆಯ ಮರ್ಫಿ ಎಂಬ ಊರಿನಲ್ಲಿ ಪ್ರಹ್ಲಾದನ ಮನೆಯ ಗ್ಯಾರೇಜಿನೊಳಗೆ ರಾಜ್ಯೋತ್ಸವದ ನಾಟಕದ ತಾಲೀಮು ನಡೆದಿತ್ತು. ಮಗಳ ಮನೆಗೆಂದು ಧಾರವಾಡದ ಕಡೆಯಿಂದ ಬಂದಿದ್ದ ಸಿದ್ರಾಮಪ್ಪನವರು ಮಡಚುವ ಕುರ್ಚಿಯಲ್ಲಿ ಕೂತು, ಅಳಿಯ ಮೋಹನರಾಜ ಸಿಪಾಯಿಯ ಪಾತ್ರದಲ್ಲಿ ಅಬ್ಬರಿಸುವುದನ್ನು ನೋಡುತ್ತಿದ್ದರು.

ಕತೆ ಇಷ್ಟೇ. ರಾಜನ ಕೋಟೆಗೆ ಮುತ್ತಿಗೆ ಬಿದ್ದಿದೆ. ಮನೆಗೊಬ್ಬ ಗಂಡಸು ಈಟಿ ಹಿಡಿದು ಬರಬೇಕೆಂದು ಡಂಗುರ ಹೊಡೆಸಿದ್ದಾನೆ. ಸಿಪಾಯಿ ತಾಯ್ನೆಲಕ್ಕೆ ತಲೆ ಕೊಡುತ್ತೇನೆಂದು ಕೂಗಿ ಹೊರಡಬೇಕು. ಮೋಹನರಾಜ ಕೂಗುತ್ತಿದ್ದ, ಆದರೆ ಖಾಲಿ ಕೊಡ ಬಡಿದಂತೆ ಕೇಳುತ್ತಿತ್ತು. ಇವತ್ತು ಸರಿಹೋಗದಿದ್ದರೆ ಸಿಪಾಯಿಯ ದೃಶ್ಯವನ್ನೇ ತೆಗೆದು ನೇರವಾಗಿ ರಾಜನ ದರ್ಬಾರಿಗೆ ಹೋಗುವುದೆಂದು ನಾಟಕ ಬರೆದ ಪ್ರಹ್ಲಾದ ಹೇಳಿಬಿಟ್ಟ. ಮೋಹನರಾಜನಿಗೆ ಅದು ಬಿಡುಗಡೆಯಂತೆಯೇ ಕಂಡಿತು.

ಸಿದ್ರಾಮಪ್ಪನವರಿಗೆ ಮಾತ್ರ ಅದು ಹಿಡಿಸಲಿಲ್ಲ. ಊರಿನ ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ಸಿಪಾಯಿ ವೇಷ ಹಾಕಿದವರು ಅವರು. ಕುಣಿತ, ಪದ ಎಲ್ಲ ರಾಜನಿಗೆ. ಸಿಪಾಯಿಗೆ ಸತ್ತು ಬೀಳುವ ಕೆಲಸವೊಂದೇ. ಒಬ್ಬ ಸಿಪಾಯಿಯಾದರೂ ತನ್ನ ಮನೆಯ ಮಾತಾಡಿ ಹೋಗಲಿ ಎಂಬ ಆಸೆ ಅವರೊಳಗೆ ಹಾಗೇ ಉಳಿದಿತ್ತು.

ಇಲ್ಲಿಯ ಕನ್ನಡ ಸಂಘದ ಕಟ್ಟಳೆಯೂ ಅಂಥದ್ದೇ: ಮನೆಗೊಬ್ಬರು ವೇದಿಕೆ ಹತ್ತಲೇಬೇಕು. ಮಗಳು ಗಂಡನನ್ನು ಕೇಳದೆಯೇ ಹೆಸರು ಬರೆಸಿದ್ದಳು. ತಾಲೀಮು ತಪ್ಪಿಸಲು ಅಳಿಯ ಒಂದು ಶನಿವಾರ ಟೈರ್ ಪಂಕ್ಚರ್ ಎಂದ, ಇನ್ನೊಂದು ಶನಿವಾರ ಹೊಟ್ಟೆನೋವು ಎಂದ.

ಸಿದ್ರಾಮಪ್ಪನವರು ಎದ್ದು ಬಂದರು. "ನಿಮ್ಮನ್ನ ಇಲ್ಲಿಗೆ ಯಾರ ಎಳಕೊಂಡ ಬಂದ್ರು?"

"ನಿಮ್ಮ ಮಗಳೇ ರೀ, ಮಾವಾ."

"ಈ ಸಿಪಾಯೀನೂ ಹಂಗ ಬಂದಾನ. ತಪ್ಪಿಸ್ಕೊಳ್ಳಾಕ ನೀವು ಏನೇನ ನೆವ ಹೇಳಿದ್ರೋ ಅವನೂ ಹೇಳಲಿ."

ಪ್ರಹ್ಲಾದ ತಲೆ ಕೆರೆದುಕೊಂಡ. "ಜನ ಇವನನ್ನ ಹೇಡಿ ಅಂದ್ಕೋತಾರೆ ಅಂಕಲ್."

"ಹೇಡಿ ಅಲ್ರೀ, ಮನಿ ಬಿಟ್ಟು ಹೊಂಟ ಮನಷ್ಯಾ. ನೋಡೋರು ಇವನ ಜೋಡಿ ಕುಂದರ್ತಾರ. ರಾಜನ ಜೋಡಿ ಯಾರ ಕುಂದರ್ತಾರ?"

ಒಂದು ಸಲ ನೋಡೋಣ ಎಂದು ಪ್ರಹ್ಲಾದ ಒಪ್ಪಿದ.

ರಾಜನ ಓಲೇಕಾರನ ಪಾತ್ರದವನು ಬಂದು ಸಿಪಾಯಿಯನ್ನು ಯುದ್ಧಕ್ಕೆ ಕರೆದ. ಮೋಹನರಾಜ ಈ ಸಲ ಕೂಗಲಿಲ್ಲ. ಎಮ್ಮೆ ಇವತ್ತೋ ನಾಳೆಯೋ ಈಯುತ್ತದೆ, ಅದಾದ ಮೇಲೆ ಬರುತ್ತೇನೆ ಎಂದ. ರುಮಾಲು ಬಿಚ್ಚಿ ಮತ್ತೆ ಸುತ್ತಿದ. ಈಟಿಯನ್ನು ಹಾರೆ ಹಿಡಿದಂತೆ ಹಿಡಿದ. ಕೊನೆಗೆ ಯಾರೂ ಬರೆದುಕೊಡದ ಮಾತೊಂದು ಅವನ ಬಾಯಿಂದ ಬಂತು: "ನಾ ಹೋದ್ರ ನಮ್ಮವ್ವಗ ಬಾವಿ ನೀರು ಯಾರ ಸೇದಿ ಕೊಡ್ತಾರ?"

ಸಮೋಸ ತಿನ್ನುತ್ತಿದ್ದ ರಾಜನ ಪಾತ್ರದವನು ಅಗಿಯುವುದನ್ನು ನಿಲ್ಲಿಸಿದ.

ಮೋಹನರಾಜ ಮಾವನ ಕಡೆ ನೋಡಿ, ಈಗ ಹೋಗಲೇಬೇಕೇ ಎಂದು ಮೆಲ್ಲಗೆ ಕೇಳಿದ.

"ಹೋಗ್ಬೇಕು. ಆದ್ರ ಹಿಂದ ತಿರುಗಿ ನೋಡ್ಕೋತ ಹೋಗ್ರಿ."

ಅವನು ಹಾಗೆಯೇ ಹೊರಟ. ಮುಂದಿನ ದರ್ಬಾರಿನ ದೃಶ್ಯಕ್ಕೆಂದು ರಾಜ ಎದ್ದು ನಿಂತ. ಪ್ರಹ್ಲಾದ ಅವನ ಭುಜ ಒತ್ತಿ ಕೂರಿಸಿದ. ಸಿಪಾಯಿ ಬಾಗಿಲು ದಾಟಿ ಕಣ್ಮರೆಯಾಗುವವರೆಗೆ ದರ್ಬಾರು ಕಾಯಲಿ ಎಂದ.