ರಿವರ್ಸ್ ಗೇರ್

ಉಗುರಿನ ಸಂದಿಯ ಗ್ರೀಸ್ ಸೀಮೆಎಣ್ಣೆಗೂ ಜಗ್ಗಲಿಲ್ಲ. ಸತ್ತ ಗಂಡನ ಹೆಬ್ಬೆರಳನ್ನು ಅವಳು ಮತ್ತೆ ತಿಕ್ಕುತ್ತಿದ್ದಾಗ ಮೈದುನ ಬಾಗಿಲಲ್ಲಿ ತಲೆ ಹಾಕಿದ. ನಿರ್ದೇಶಕರು ಬಂದಿದ್ದಾರಂತೆ. ಹೊರಗೆ ಪಿಟೀಲಿನವರು ಶ್ರುತಿ ಮಾಡಿಕೊಳ್ಳುತ್ತಿದ್ದಾರಂತೆ.

"ಯಾವ ನಿರ್ದೇಶಕ?" ಎಂದಳು, ಗೊತ್ತಿದ್ದೂ.

ಒಳಬಂದವನ ಸೆಂಟು ಸೀಮೆಎಣ್ಣೆಯೊಡನೆ ಬೆರೆತು ಕೊಳೆತ ಹಣ್ಣಿನ ನಾತವಾಯಿತು. ಸ್ಮಶಾನದ ನೆಲ ಬರೀ ಕಲ್ಲಾದ್ದರಿಂದ ಗುಂಡಿ ತೋಡುವುದೂ ಮುಚ್ಚುವುದೂ ಮಣ್ಣು ಅಗೆಯುವ ಯಂತ್ರದಲ್ಲೇ, ನಡೆಸುವವನು ಮೈದುನನೇ ಎಂಬುದನ್ನೆಲ್ಲ ಅವನು ವಿಚಾರಿಸಿಕೊಂಡೇ ಬಂದಿದ್ದ. ಮಣ್ಣು ಮುಚ್ಚಿ ಯಂತ್ರ ಹಿಂದಕ್ಕೆ ಬರುವಾಗ ಪೀಂ ಪೀಂ ಅನ್ನುತ್ತದಲ್ಲ, ಆ ಸದ್ದನ್ನು ಪಿಟೀಲುಗಳು ಎತ್ತಿಕೊಳ್ಳುತ್ತವೆ. ಮಣ್ಣು, ಯಂತ್ರ, ಮೌನ ಎಂದ. ಮೂರರಲ್ಲಿ ಮೌನ ಮಾತ್ರ ಅವನ ಬಾಯಿಯ ಹತ್ತಿರವೂ ಸುಳಿಯಲಿಲ್ಲ.

"ದೊಡ್ಡ ಕಲಾವಿದರಮ್ಮ ನಿಮ್ಮ ಯಜಮಾನರು."

"ಅಷ್ಟು ದೊಡ್ಡವರನ್ನ ಇನ್ನೊಂದು ಸಲ ಕರೀಲೇ ಇಲ್ಲವಲ್ಲ."

ಅದು ಆ ಜಾಗಕ್ಕೆಂದೇ ಕಟ್ಟಿದ ಪ್ರಯೋಗ, ಜಾಗ ಹೋಯಿತು, ಪ್ರಯೋಗವೂ ಹೋಯಿತು ಎಂದು ಅವನು ಕೈ ಆಡಿಸಿದ.

*

ಆ ಜಾಗ ಅಂದರೆ ಆಗ ಅರ್ಧ ಕೆಡವಿದ್ದ ಹತ್ತಿ ಗಿರಣಿ. ಪಿಟೀಲಿನವರು ಇಟ್ಟಿಗೆ ರಾಶಿಯ ಮೇಲೆ ಕೂತಿದ್ದರು. ನಿರ್ದೇಶಕ ಕೈ ಎತ್ತಿದೊಡನೆ ಯಂತ್ರದ ಬಕೆಟ್ಟನ್ನು ತಗಡಿನ ಡ್ರಮ್ಮಿನ ಮೇಲೆ ಬೀಳಿಸುವುದು ಅದರ ಚಾಲಕನಾಗಿದ್ದ ಅವಳ ಗಂಡನ ಕೆಲಸ. ಅಷ್ಟು ಜನರನ್ನು ಕಂಡ ಗಾಬರಿಯಲ್ಲಿ ರಿವರ್ಸ್ ಗೇರಿಗೆ ಹಾಕಿಬಿಟ್ಟ. ಯಂತ್ರ ಪೀಂ ಪೀಂ ಎನ್ನುತ್ತ ಹಿಂದೆ ಸರಿಯಿತು. ದಿಕ್ಕು ತೋಚದ ಪಿಟೀಲುಗಳು ಅದೇ ಸ್ವರ ಹಿಡಿದವು. ನೋಡುಗರು ಕಣ್ಣೊರೆಸಿಕೊಂಡರು. ಯಂತ್ರ ಬಿಕ್ಕಿತು ಎಂದು ಮರುದಿನ ಪತ್ರಿಕೆ ಬರೆಯಿತು.

ಆಮೇಲೆ ಗಂಡ ಮನುಷ್ಯನಾಗಿ ಉಳಿಯಲಿಲ್ಲ. ಕೆಲಸದಲ್ಲಿ ಯಂತ್ರವನ್ನು ಸುಮ್ಮಸುಮ್ಮನೆ ಹಿಂದಕ್ಕೆ ತರುತ್ತಿದ್ದ. ಊಟಕ್ಕೆ ಕೂತರೆ ಅಗುಳು ಸಿಡಿಸುತ್ತ ಬಾಯಲ್ಲೇ ಪೀಂ ಪೀಂ; ಅವಳು ತನ್ನ ತಟ್ಟೆ ದೂರ ಸರಿಸಿಕೊಳ್ಳುತ್ತಿದ್ದಳು. ಫೋನು ಬಡಿದುಕೊಂಡರೆ ಎಂಜಲು ಕೈ ತೊಳೆದು, ಅಂಗಿ ಸರಿಮಾಡಿಕೊಳ್ಳುವನು. "ಅವರೇ ಇರಬೇಕು ಕಣೇ." ಅವರಾಗಿರಲಿಲ್ಲ, ಯಾವತ್ತೂ.

"ನಿಮ್ಮದು ಕಲೆಯೂ ಅಲ್ಲ, ಗಿಲೆಯೂ ಅಲ್ಲ. ತಪ್ಪು ಗೇರು," ಎಂದು ಒಂದು ದಿನ ಅಂದೇಬಿಟ್ಟಳು. ಅವತ್ತಿನಿಂದ ಮನೆಯಲ್ಲಿ ಪೀಂ ಪೀಂ ನಿಂತಿತು. ಫೋನಿಗೆ ಕೈ ತೊಳೆಯುವುದು ಮಾತ್ರ ನಿಲ್ಲಲಿಲ್ಲ.

*

ಸ್ಮಶಾನದಲ್ಲಿ ಮಣ್ಣು ಮುಚ್ಚಿಯಾಗಿತ್ತು. ಮೈದುನ ಗೇರಿಗೆ ಕೈ ಹಾಕುತ್ತಿದ್ದಂತೆ ಪಿಟೀಲುಗಳು ಭುಜಕ್ಕೇರಿದವು. ನಿರ್ದೇಶಕ ಕಣ್ಣು ಮುಚ್ಚಿ ಕೈ ಎತ್ತಿದ. ಅವಳು ನಡೆದುಹೋಗಿ ಯಂತ್ರದ ಬೆನ್ನಿಗೆ ನಿಂತಳು.

"ಇಂಜಿನ್ ಆರಿಸು."

"ಹಿಂದಕ್ಕೆ ಬರದೆ ಇದನ್ನ ಆಚೆ ಹೇಗೆ ತರಲಿ ಅತ್ತಿಗೆ?"

"ಇವರು ಹೋಗಲಿ."

ನೆಂಟರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಿರ್ದೇಶಕ ಹತ್ತಿರ ಬಂದು ಅವಳ ಎರಡೂ ಕೈ ಹಿಡಿದುಕೊಂಡ. "ಅವರ ಆಸೆಯೂ ಇದೇ ಇತ್ತಲ್ವೇನಮ್ಮ?"

"ಹೌದು. ಅದಕ್ಕೇ ನೀವು ಹೊರಡಿ."

ಅವನು ತನ್ನ ಅಂಗೈ ಮೂಸಿ ನೋಡಿ, ಮುಖ ಕಿವುಚಿ, ಬಿಳಿ ಶಾಲಿಗೆ ಒರೆಸಿಕೊಳ್ಳುತ್ತ ಹೋದ. ಪಿಟೀಲುಗಳು ಪೆಟ್ಟಿಗೆ ಸೇರಿದವು. ಹೊತ್ತಾಯಿತೆಂದು ನೆಂಟರೂ ಚದುರಿದರು.

ಕೊನೆಯ ಕಾರು ಗೇಟು ದಾಟಿದ ಮೇಲೆ ಅವಳು ಪಕ್ಕಕ್ಕೆ ಸರಿದು ಕೈ ಎತ್ತಿದಳು. ಯಂತ್ರ ಪೀಂ ಪೀಂ ಎನ್ನುತ್ತ ಹಿಂದಕ್ಕೆ, ಹಿಂದಕ್ಕೆ ಬಂದು ಗೋಡೆಯ ಬಳಿ ನಿಂತಿತು. ಮೈದುನ ಇಳಿಯಲು ಕಾಲು ಹೊರಗಿಟ್ಟ.

"ಇನ್ನೊಂದು ಸಲ. ಮುಂದೆ ಹೋಗಿ ಹಿಂದಕ್ಕೆ ಬಾ," ಎಂದಳು.

ಅವಳ ಕೈ ಇನ್ನೂ ಮೇಲೇ ಇತ್ತು. ಉಗುರುಗಳ ಸಂದಿಯಲ್ಲಿ ಕಪ್ಪಗೆ ಗ್ರೀಸ್.